ಕ್ಷೌರದ ಕತ್ತಿ ಜಗ್ಗುತ್ತಿದ್ದರೆ: ತಪ್ಪು ಅಲಗಿನದೋ, ಕೈಯದೋ?

ಮಡಚುವ ಕ್ಷೌರದ ಕತ್ತಿಯಲ್ಲಿ ತಾವೇ ಗಡ್ಡ ತೆಗೆದುಕೊಳ್ಳಲು ಹೊರಟವರ ದೂರುಗಳು ಹೆಚ್ಚೆಂದರೆ ಮೂರು. ಕೂದಲು ಜಗ್ಗುತ್ತದೆ, ಮುಖ ಉರಿಯುತ್ತದೆ, ರಕ್ತ ಬರುತ್ತದೆ. ಮೂರಕ್ಕೂ ಹೆಚ್ಚಿನವರು ಹೂಡುವ ಉಪಾಯ ಒಂದೇ, ಕತ್ತಿ ಹಿಡಿದು ಸಾಣೆಕಲ್ಲಿನ ಮುಂದೆ ಕೂರುವುದು. ಅಲ್ಲಿಂದಾಚೆ ಎಲ್ಲ ಕಗ್ಗಂಟು. ಕೋನ ತಪ್ಪಿದ್ದ ಕೈ ಹಾಗೇ ಉಳಿದಿರುತ್ತದೆ, ಸರಿಯಿದ್ದ ಅಂಚು ಮಾತ್ರ ಕೆಟ್ಟಿರುತ್ತದೆ.

ದೋಷ ಮುಖದ ಯಾವ ಜಾಗದಲ್ಲಿ ಕಂಡಿತು, ಕ್ಷೌರದ ಯಾವ ಹೊತ್ತಿನಲ್ಲಿ ಕಂಡಿತು ಎಂದು ಗಮನಿಸಿದರೆ ಕಾರಣ ಬಹುಪಾಲು ಹೊರಬೀಳುತ್ತದೆ. ಕಲ್ಲಿನ ಸರದಿ ಕೊನೆಯದು. ಇದರ ಜೊತೆಗೆ ಒಂದು ಕಟ್ಟುಪಾಡು ಹಾಕಿಕೊಳ್ಳಿ: ಒಂದು ಕ್ಷೌರಕ್ಕೆ ಒಂದೇ ಬದಲಾವಣೆ. ಸಾಬೂನು, ಕೋನ, ಕ್ಷೌರಕ್ಕೆ ಮುಂಚೆ ಅಂಚನ್ನು ತಿಕ್ಕುವ ಚರ್ಮದ ಪಟ್ಟಿ ಮೂರನ್ನೂ ಒಂದೇ ದಿನ ಬದಲಿಸಿದವರಿಗೆ ತೊಂದರೆ ನೀಗಿದರೂ ಯಾವುದರಿಂದ ನೀಗಿತೆಂದು ತಿಳಿಯುವುದಿಲ್ಲ.

ಕೆನ್ನೆಯಿಂದ ಶುರುಮಾಡಿ

ಇಡೀ ಮುಖದಲ್ಲಿ ಕತ್ತಿಗೆ ಅತಿ ಸುಲಭದ ಜಾಗ ಕೆನ್ನೆ. ಅಲ್ಲಿ ಮೇಲ್ಮೈ ಹೆಚ್ಚುಕಡಿಮೆ ಸಮತಟ್ಟು, ಚರ್ಮವನ್ನು ಬಿಗಿ ಹಿಡಿಯುವುದು ಸಲೀಸು, ಕೂದಲು ಗಲ್ಲದ (ಗದ್ದದ) ಕೂದಲಿನಷ್ಟು ಒರಟಲ್ಲ, ಹೆಚ್ಚಿನವರಲ್ಲಿ ಅದು ಬೆಳೆಯುವುದೂ ಕೆಳಮುಖವಾಗಿಯೇ. ಹೀಗಾಗಿ ಪರೀಕ್ಷೆಗೆ ಇದೇ ಜಾಗ. ನೊರೆ ಹಚ್ಚಿ, ಕಿವಿಯ ಪಕ್ಕದಲ್ಲಿ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ಎರಡು ಮೂರು ಸೆಂಟಿಮೀಟರ್ ಕೆಳಗೆ ಇಳಿಸಿ.

ಮೊದಲ ಎಳೆತದಲ್ಲೇ ಇಲ್ಲಿ ಜಗ್ಗಿದರೆ ಕತ್ತಿಯನ್ನು ಚೂರೇ ಚೂರು ಮೇಲೆತ್ತಿ, ಅಂದರೆ ಅಂಚಿಗೆ ಎದುರಿನ ದಪ್ಪ ಬೆನ್ನನ್ನು ಚರ್ಮದಿಂದ ಸ್ವಲ್ಪ ದೂರ ಮಾಡಿ, ಮತ್ತೆ ಎಳೆಯಿರಿ. ಜಗ್ಗುವುದು ನಿಂತರೆ ಅಲಗು ಚೆನ್ನಾಗಿಯೇ ಇದೆ, ನೀವು ಅದನ್ನು ತೀರಾ ಮಲಗಿಸಿ ಹಿಡಿದಿದ್ದಿರಿ. ಏನು ಮಾಡಿದರೂ ಜಗ್ಗುತ್ತಲೇ ಇದ್ದರೆ ಅನುಮಾನ ಅಂಚಿನ ಮೇಲೆ. ಕೆನ್ನೆಯಲ್ಲಿ ಬೆಣ್ಣೆಯಂತೆ ಇಳಿದು ಗಲ್ಲದಲ್ಲೋ ಕುತ್ತಿಗೆಯಲ್ಲೋ ಜಗ್ಗಿದರೆ ಕಲ್ಲನ್ನು ಮರೆತುಬಿಡಿ, ಅದು ಕೈಯ ತಪ್ಪು.

ಇನ್ನೂ ಗೊಂದಲವಿದ್ದರೆ ಬ್ಲೇಡು ಬದಲಿಸುವ ಕತ್ತಿಯೊಂದಕ್ಕೆ ಹೊಸ ಬ್ಲೇಡು ಹಾಕಿ, ಇನ್ನೊಂದು ಕೆನ್ನೆಯ ಮೇಲೆ ಅದೇ ನೊರೆಯಲ್ಲಿ ಅದೇ ಎಳೆತವನ್ನು ಮಾಡಿ ನೋಡಿ. ಅದು ನುಣ್ಣಗೆ ಹೋಗಿ ನಿಮ್ಮ ಕತ್ತಿ ಜಗ್ಗಿದರೆ ಅಂಚಿನ ದೋಷ ಖಚಿತ. ಎರಡೂ ಜಗ್ಗಿದರೆ ಗಡ್ಡ ನೆನೆದಿಲ್ಲ ಅಥವಾ ಕೈ ಸರಿಯಿಲ್ಲ. ಈ ಪರೀಕ್ಷೆಯನ್ನು ಕೆನ್ನೆ ದಾಟಿಸಬೇಡಿ. ಬ್ಲೇಡು ಬದಲಿಸುವ ಕತ್ತಿ ಹಗುರ, ಅದರ ಬ್ಲೇಡು ಬಲು ಚುರುಕು, ಕೈ ಕೊಂಚ ತಪ್ಪಿದರೂ ಅದು ಮನ್ನಿಸುವುದಿಲ್ಲ.

ಹೊಸ ಕತ್ತಿಯಾದರೆ ಒಂದು ಮಾತು. ಕಾರ್ಖಾನೆಯಿಂದ ಬಂದ ಅನೇಕ ಕತ್ತಿಗಳು ನೇರವಾಗಿ ಮುಖಕ್ಕೆ ಹಚ್ಚುವ ಹದದಲ್ಲಿ ಇರುವುದಿಲ್ಲ, ನೋಡಲು ಎಷ್ಟೇ ಹೊಳೆಯುತ್ತಿರಲಿ. ಕಲಿಯುವವರು ಅಂಥದ್ದರಲ್ಲಿ ತಿಂಗಳುಗಟ್ಟಲೆ ಒದ್ದಾಡುವುದಕ್ಕಿಂತ ತಿಳಿದವರಿಂದ ಒಮ್ಮೆ ಮಸೆಸಿಕೊಂಡು ಶುರುಮಾಡುವುದು ಮೇಲು. ಹರಿತ ಎಂದರೆ ಹೇಗಿರುತ್ತದೆಂದು ಒಮ್ಮೆಯಾದರೂ ಮುಖಕ್ಕೆ ಗೊತ್ತಾಗಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

ಶುರುವಿನಲ್ಲಿ ಚೆನ್ನ, ನಡುವಿನಿಂದ ಜಗ್ಗುತ್ತದೆ

ಇದಕ್ಕೆ ಎರಡು ಕಾರಣ ಇರಬಹುದು, ಬೇರ್ಪಡಿಸುವುದು ಸುಲಭ. ಜಗ್ಗಿದ ಜಾಗವನ್ನು ಒದ್ದೆ ಮಾಡಿ ಹೊಸದಾಗಿ ನೊರೆ ಹಚ್ಚಿ, ಅಲ್ಲೇ ಮತ್ತೆ ಎಳೆಯಿರಿ. ನುಣುಪಾಗಿ ಹೋದರೆ ನೊರೆ ಒಣಗಿತ್ತು ಅಷ್ಟೇ. ನಿಧಾನವಾಗಿ ಕ್ಷೌರ ಮಾಡುವ ಹೊಸಬರಲ್ಲಿ ಇದು ತೀರಾ ಸಾಮಾನ್ಯ. ಇಡೀ ಮುಖಕ್ಕೆ ಒಮ್ಮೆಲೇ ಹಚ್ಚಿಕೊಂಡು ಕೂತರೆ ಗಲ್ಲಕ್ಕೆ ಬರುವ ಹೊತ್ತಿಗೆ ಅಲ್ಲಿ ನೊರೆಯ ಹೊಟ್ಟು ಮಾತ್ರ ಉಳಿದಿರುತ್ತದೆ. ಒಂದೊಂದೇ ಭಾಗಕ್ಕೆ ಹಚ್ಚಿ ಮುಗಿಸಿ ಮುಂದೆ ಹೋಗಿ.

ಹೊಸ ನೊರೆಗೂ ಜಗ್ಗಿದರೆ ಅಂಚು ಅರ್ಧದಲ್ಲೇ ಸೋತಿದೆ. ಕಲ್ಲಿನ ಮೇಲೆ ಅತಿಯಾಗಿ ಮಸೆದಾಗ ಅಂಚಿನ ತುದಿಯಲ್ಲಿ ತಂತಿಯಂಥ ತೆಳು ಲೋಹದ ಎಳೆ ಉಳಿದುಕೊಳ್ಳುತ್ತದೆ. ಅದು ಮೊದಲ ಎಳೆತಗಳಲ್ಲಿ ಬೆರಗು ಹುಟ್ಟಿಸುವಷ್ಟು ಹರಿತ, ಸ್ವಲ್ಪ ಹೊತ್ತಿಗೆ ಮಡಿಚಿಕೊಳ್ಳುತ್ತದೆ ಅಥವಾ ಮುರಿದು ಬೀಳುತ್ತದೆ. ನಿನ್ನೆ ತಾನೇ ಮಸೆದ ಕತ್ತಿ ಹೀಗೆ ಮಾಡಿದರೆ ಕಾರಣ ಇದೇ ಎಂದು ತಿಳಿಯಿರಿ.

ನೊರೆ ಒಣಗದಿದ್ದರೂ ತೆಳುವಾಗಿ, ಗುಳ್ಳೆ ಗುಳ್ಳೆಯಾಗಿ ಕರಗಿಹೋಗುತ್ತಿದ್ದರೆ ನೀರನ್ನು ಅನುಮಾನಿಸಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಂದಿಗೆ ಸೇರಿ ಕರಗದ ಜಿಡ್ಡಾಗುತ್ತವೆ, ನೊರೆಗೆ ಸಾಬೂನೇ ಉಳಿಯುವುದಿಲ್ಲ. ಒಂದು ದಿನ ಡಿಸ್ಟಿಲ್ಡ್ ನೀರಿನಲ್ಲಿ ನೊರೆ ಮಾಡಿ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಎಂದಿನ ನೀರಿಗೇ ಮರಳಬಹುದು, ಬ್ರಷ್ಷಿಗೆ ಸಾಬೂನನ್ನು ಇನ್ನಷ್ಟು ಹೊತ್ತು ಹತ್ತಿಸಿಕೊಂಡರಾಯಿತು. ಹದ ಬಂದ ನೊರೆ ಹೊಳೆಯುತ್ತದೆ, ದಟ್ಟವಾಗಿರುತ್ತದೆ, ಬೆರಳಿನ ನಡುವೆ ಉಜ್ಜಿದರೆ ಜಾರುತ್ತದೆ. ನೋಡಲು ಉಬ್ಬಿ ನಿಂತಿದ್ದರೂ ಬೆರಳಿಗೆ ಜಾರದ ನೊರೆಯಲ್ಲಿ ಗಾಳಿಯೇ ಹೆಚ್ಚು.

ಗಡ್ಡ ನೆನೆಯಲು ಎರಡು ಮೂರು ನಿಮಿಷವಾದರೂ ನೀರು ತಾಗಿರಬೇಕು. ನೀರು ಹೀರಿದ ಕೂದಲು ಉಬ್ಬಿ ಮೆತ್ತಗಾಗುತ್ತದೆ, ಕಡಿಯಲು ಬೇಕಾಗುವ ಬಲ ಕಡಿಮೆಯಾಗುತ್ತದೆ. ಸ್ನಾನದ ನಂತರ ಕ್ಷೌರ ಮಾಡಿದರೆ ಈ ಚಿಂತೆಯೇ ಇಲ್ಲ.

ನಿನ್ನೆ ಚೆನ್ನಾಗಿತ್ತು, ಇಂದು ಕೆಟ್ಟಿದೆ

ಒಂದೇ ರಾತ್ರಿಯಲ್ಲಿ ಉಕ್ಕು ಮೊಂಡಾಗುವುದಿಲ್ಲ. ನಿನ್ನೆಗೂ ಇಂದಿಗೂ ನಡುವೆ ಕತ್ತಿ ಮುಟ್ಟಿದ್ದು ಚರ್ಮದ ಪಟ್ಟಿಯನ್ನು ಮಾತ್ರ. ಹಾಗಾಗಿ ನನ್ನ ಮೊದಲ ಅನುಮಾನ ಯಾವಾಗಲೂ ಪಟ್ಟಿಯ ಮೇಲೆ, ಅಂದರೆ ಪಟ್ಟಿಯಲ್ಲಿ ತಿಕ್ಕುವ ಕೈಯ ಮೇಲೆ.

ಪರೀಕ್ಷೆ ಹೀಗೆ. ತಿಕ್ಕುವ ಮೊದಲು ಮುಂಗೈ ಕೂದಲಿನ ಮೇಲೆ, ಚರ್ಮದಿಂದ ಸುಮಾರು ಅರ್ಧ ಸೆಂಟಿಮೀಟರ್ ಎತ್ತರದಲ್ಲಿ ಅಲಗನ್ನು ಹಾಯಿಸಿ. ಹರಿತವಿದ್ದರೆ ಕೂದಲಿನ ತುದಿಗಳು ಸದ್ದಿಲ್ಲದೆ ಉದುರುತ್ತವೆ. ಮೊನೆ, ನಡು, ಬುಡ ಮೂರು ಕಡೆಯೂ ನೋಡಿ. ಪಟ್ಟಿಯ ಮೇಲೆ ತಿಕ್ಕಿದ ಮೇಲೆ ಮತ್ತೆ ಇದನ್ನೇ ಮಾಡಿ. ಮೊದಲಿಗಿಂತ ಕಡಿಮೆ ಕತ್ತರಿಸಿದರೆ ಪಟ್ಟಿಯೇ ಅಂಚನ್ನು ಮಡಿಸುತ್ತಿದೆ. ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುವ ಪದ್ಧತಿ ಕಲ್ಲಿನ ಮೊದಲ ಹಂತದಲ್ಲಿ ಸರಿ. ಸಿದ್ಧವಾದ ಅಂಚಿಗೆ ಹಾಗೆ ಮಾಡಿದರೆ ಪರೀಕ್ಷೆಯೇ ಅದನ್ನು ಕೆಡಿಸುತ್ತದೆ.

ಪಟ್ಟಿಯಲ್ಲಿ ಆಗುವ ತಪ್ಪು ಮೂರು ಕಡೆ. ಪಟ್ಟಿ ಸಡಿಲವಾಗಿ ಜೋತುಬಿದ್ದಿದ್ದರೆ ಅದು ಅಂಚಿನ ಸುತ್ತ ಬಾಗಿ ತುದಿಯನ್ನು ದುಂಡಗಾಗಿಸುತ್ತದೆ. ಕೈ ಒತ್ತಿದರೂ ಅದೇ ಫಲ, ಪಟ್ಟಿಯ ಮೇಲೆ ಅಲಗಿನ ಭಾರಕ್ಕಿಂತ ಹೆಚ್ಚೇನೂ ಬೀಳಬಾರದು. ಮೂರನೆಯದು ತಿರುವು. ಕತ್ತಿ ಯಾವಾಗಲೂ ಬೆನ್ನು ಮುಂದಾಗಿ, ಅಂಚು ಹಿಂದಾಗಿ ಸಾಗಬೇಕು. ಪಟ್ಟಿಯ ಕೊನೆಯಲ್ಲಿ ಬೆನ್ನಿನ ಮೇಲೇ ಹೊರಳಬೇಕು, ಬೆನ್ನು ಪಟ್ಟಿಯಿಂದ ಏಳಲೇಬಾರದು. ಕಣ್ಣಿಗೆ ಚುರುಕಾಗಿ ಕಾಣುವ ಪಟಪಟ ತಿರುವುಗಳಲ್ಲೇ ಬೆನ್ನು ಏಳುವುದು. ವೇಗದಿಂದ ಯಾವ ಲಾಭವೂ ಇಲ್ಲ.

ಸ್ವಲ್ಪವೇ ಮಡಿಚಿದ್ದರೆ ಕ್ಯಾನ್ವಾಸ್ ಪಟ್ಟಿಯ ಮೇಲೆ 20-30 ಬಾರಿ, ಆಮೇಲೆ ಚರ್ಮದ ಮೇಲೆ 40-50 ಬಾರಿ ಬಿಗಿಯಾದ ಪಟ್ಟಿಯಲ್ಲಿ ಮೆಲ್ಲಗೆ ತಿಕ್ಕಿದರೆ ಮರಳಿ ಬರುತ್ತದೆ. ಬರದಿದ್ದರೆ ಮಾತ್ರ ಅತಿ ನಯವಾದ ಕಲ್ಲಿನ ಮೇಲೆ ಹತ್ತಾರು ಹಗುರ ಎಳೆತ.

ನಿನ್ನೆಗೂ ಇಂದಿಗೂ ನಡುವೆ ವಾರಗಟ್ಟಲೆ ಅಂತರವಿದ್ದರೆ ಕಥೆ ಬೇರೆ. ಕಾರ್ಬನ್ ಉಕ್ಕಿನ ಅಂಚು ಕಣ್ಣಿಗೆ ಕಾಣದಷ್ಟು ತೆಳು, ಬಚ್ಚಲಿನ ಆವಿಯೇ ಅದಕ್ಕೆ ತುಕ್ಕು ಹಿಡಿಸಲು ಸಾಕು. ಕ್ಷೌರ ಮುಗಿದ ಮೇಲೆ ಒರೆಸಿ, ಗಾಳಿಗೆ ಆರಿಸಿ, ಆಮೇಲೆ ಮಡಚಿ. ಬಹುಕಾಲ ಬಳಸದಿದ್ದರೆ ಮಿನರಲ್ ಎಣ್ಣೆಯ ತೆಳು ಲೇಪ ಹಚ್ಚಿಡಿ.

ಅಲಗಿನ ಒಂದು ಭಾಗ ಮಾತ್ರ ಜಗ್ಗುತ್ತದೆ

ಬುಡದ ಕಡೆ ಚೆನ್ನಾಗಿ ತೆಗೆಯುತ್ತದೆ, ಮೊನೆಯ ಕಡೆ ಇಲ್ಲ. ಅಥವಾ ಎಡಕ್ಕೆ ಎಳೆದಾಗ ಸರಿ, ಕತ್ತಿ ತಿರುಗಿಸಿ ಬಲಕ್ಕೆ ಎಳೆದಾಗ ಜಗ್ಗು. ಇಂಥದ್ದು ಹೆಚ್ಚಾಗಿ ಕಲ್ಲಿನ ಕೆಲಸದ ದೋಷ. ಕೈಯ ತಪ್ಪಾಗಿದ್ದರೆ ಅಲಗಿನ ಯಾವ ಭಾಗ ಹಚ್ಚಿದರೂ ಒಂದೇ ಥರ ಕಾಣುತ್ತಿತ್ತು. ಆದರೂ ಕತ್ತಿ ತಿರುಗಿಸಿದಾಗ ನಿಮ್ಮ ಹಿಡಿತವೂ ಬದಲಾಗುವುದರಿಂದ, ಎಡ ಬಲದ ದೂರನ್ನು ಮುಂಗೈ ಕೂದಲಿನ ಮೇಲೆ ಒಮ್ಮೆ ಪರೀಕ್ಷಿಸಿಯೇ ನಂಬಿ.

ಅಂಚನ್ನು ಪ್ರಖರ ದೀಪದ ಕೆಳಗೆ ನಿಮ್ಮ ಕಣ್ಣಿನತ್ತ ನೇರವಾಗಿ ಹಿಡಿಯಿರಿ. ಹರಿತವಾದ ಅಂಚು ಬೆಳಕನ್ನು ಹಿಂತಿರುಗಿಸುವುದಿಲ್ಲ. ಹೊಳೆಯುವ ಚುಕ್ಕೆ ಕಂಡಲ್ಲಿ ಅಂಚು ಚಪ್ಪಟೆಯಾಗಿದೆ ಅಥವಾ ಚಕ್ಕೆ ಎದ್ದಿದೆ. ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲು ಉಕ್ಕನ್ನು ಹೇಗೆ ಕೆಡಿಸುತ್ತದೆ ಎಂದು ಅನ್ನಿಸಬಹುದು. ಬಳಸಿ ಬಿಸಾಡುವ ರೇಜರಿನ ಬ್ಲೇಡುಗಳ ಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಂಚು ಸಮನಾಗಿ ಸವೆದು ಮೊಂಡಾಗುವುದಕ್ಕಿಂತ, ಬಾಗಿದ ಕೂದಲು ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ ಸೂಕ್ಷ್ಮ ಚಕ್ಕೆಗಳು ಏಳುತ್ತವೆ. ಅಂಚು ಅಲ್ಲಲ್ಲಿ ಮಾತ್ರ ಕೆಡುವುದು ವಿಚಿತ್ರವೇನಲ್ಲ ಎಂದಾಯಿತು.

ಕಲ್ಲು ಎಲ್ಲಿ ತಾಗುತ್ತಿಲ್ಲ ಎಂದು ತಿಳಿಯಲು ಮಾರ್ಕರ್ ಪೆನ್ನಿಗಿಂತ ಒಳ್ಳೆಯ ಸಲಕರಣೆ ಇಲ್ಲ. ಅಂಚಿನ ಎರಡೂ ಮಗ್ಗುಲಿಗೆ ಶಾಯಿ ಬಳಿದು, ಕಲ್ಲಿನ ಮೇಲೆ ಒಂದೆರಡು ಹಗುರ ಎಳೆತ ಮಾಡಿ ನೋಡಿ. ಶಾಯಿ ಉಳಿದ ಕಡೆ ಕಲ್ಲು ಮುಟ್ಟಿಲ್ಲ. ಕಾರಣ ಕಲ್ಲೇ ಇರಬಹುದು: ನಡುವೆ ಸವೆದು ಗುಂಡಿ ಬಿದ್ದ ಕಲ್ಲಿನ ಮೇಲೆ ಯಾವ ಕತ್ತಿಯೂ ನೆಟ್ಟಗಾಗದು. ಪೆನ್ಸಿಲಿನಲ್ಲಿ ಕಲ್ಲಿನ ಮೇಲೆ ಚೌಕಳಿ ಗೆರೆ ಎಳೆದು, ಗಾಜಿನ ಮೇಲೆ ಹಾಸಿದ ನೀರುಕಾಗದದ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ಮೇಲೆ ಉಜ್ಜಿ. ಗೆರೆಗಳೆಲ್ಲ ಒಟ್ಟಿಗೆ ಅಳಿಯುವವರೆಗೆ ಕಲ್ಲು ಸಮವಾಗಿಲ್ಲ. ಅಲಗು ಕಲ್ಲಿನ ಅಗಲಕ್ಕಿಂತ ಉದ್ದವಿದ್ದರೆ ಅಥವಾ ಅಂಚಿಗೆ ತುಸು ಬಾಗು ಇದ್ದರೆ, ಬುಡದಿಂದ ಮೊನೆಯ ಕಡೆಗೆ ಓರೆಯಾಗಿ ಜಾರಿಸುತ್ತಾ ಮಸೆಯಬೇಕು.

ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗಿರಬೇಕೆಂಬುದು ಈ ಕತ್ತಿಯ ಜಾಣತನ. ಬೆನ್ನಿನ ದಪ್ಪವೇ ಮಸೆಯುವ ಕೋನವನ್ನು ನಿರ್ಧರಿಸುತ್ತದೆ, ಹೆಚ್ಚಿನ ಕತ್ತಿಗಳಲ್ಲಿ ಅದು 15ರಿಂದ 18 ಡಿಗ್ರಿಯ ಆಸುಪಾಸು. ಬೆನ್ನೆತ್ತಿ ಮಸೆದವರು ಆ ಲೆಕ್ಕವನ್ನೇ ಕೆಡಿಸುತ್ತಾರೆ. ಚಕ್ಕೆ ದೊಡ್ಡದಿದ್ದರೆ 1000 ಗ್ರಿಟ್‌ನಿಂದ (ಕಲ್ಲಿನ ನಯದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಯ) ಶುರುಮಾಡಿ, 3000ದಿಂದ 5000ದ ನಡುವಿನ ಒಂದು ಕಲ್ಲು, ಆಮೇಲೆ 8000, ಸಾಧ್ಯವಾದರೆ 12000. ಒಂದು ಹಂತ ಪೂರ್ತಿ ಆಗದೆ ಮುಂದಿನದಕ್ಕೆ ಹೋದರೆ ಕೆಟ್ಟ ಅಂಚಿಗೆ ಹೊಳಪು ಕೊಟ್ಟಂತೆ, ಅಷ್ಟೇ. 8000ಕ್ಕಿಂತ ಕೆಳಗೆ ನಿಲ್ಲಿಸಿದ ಅಂಚು ಮುಖಕ್ಕೆ ಹಿತವಾಗಿರುವುದಿಲ್ಲ.

ಕೆನ್ನೆ ನುಣ್ಣಗೆ, ದವಡೆಯ ಕೆಳಗೆ ರಣರಂಗ

ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಕೋನದಿಂದ ಹಿಡಿಯೋಣ. ಬೆನ್ನಿನ ದಪ್ಪದಷ್ಟೋ ಅದರ ಒಂದೂವರೆಯಷ್ಟೋ ಸಂದು ಬೆನ್ನಿಗೂ ಚರ್ಮಕ್ಕೂ ನಡುವೆ ಇದ್ದರೆ ಕತ್ತಿ ಸುಮಾರು 25ರಿಂದ 30 ಡಿಗ್ರಿಯಲ್ಲಿ ಇರುತ್ತದೆ. ಕೆನ್ನೆಯಲ್ಲಿ ಇದನ್ನು ಕಾಯ್ದುಕೊಳ್ಳುವುದು ಕಷ್ಟವಲ್ಲ. ಎಳೆತ ದವಡೆಯ ಮೂಳೆಯನ್ನು ದಾಟುವಾಗ ಮುಖ ಒಳಕ್ಕೆ ತಿರುಗುತ್ತದೆ, ಕೈ ಹಾಗೇ ನೇರಕ್ಕೆ ಇಳಿಯುತ್ತದೆ. ಕೋನ ಕೈಮೀರುವುದು ಅಲ್ಲೇ. ಕತ್ತಿ ನಿಮಿರಿದರೆ ಚರ್ಮವನ್ನು ಕೆರೆಯುತ್ತದೆ, ಮಲಗಿದರೆ ಕೂದಲ ಮೇಲೆ ಜಾರಿ ಜಗ್ಗುತ್ತದೆ. ಒಳಕ್ಕೆ ತೆಳುವಾಗಿ ತೋಡಿದ ಅಲಗು ಕೂದಲು ಕಡಿಯುವಾಗ ಸದ್ದು ಮಾಡುತ್ತದೆ. ಒಂದೇ ಎಳೆತದಲ್ಲಿ ಆ ಸದ್ದು ತಟ್ಟನೆ ಬದಲಾದರೆ ಕೋನ ಬದಲಾಗಿದೆ ಎಂದರ್ಥ. ಕನ್ನಡಿಗಿಂತ ಕಿವಿಯನ್ನು ನಂಬಬಹುದಾದ ಜಾಗ ಇದು. ದಪ್ಪ ಅಲಗಿನ ಕತ್ತಿಗಳು ಮೌನಿಗಳು, ಅವುಗಳಲ್ಲಿ ಈ ಸಹಾಯ ಸಿಗದು.

ಕತ್ತಿಯನ್ನು ಮೂಳೆಯ ಸುತ್ತ ತಿರುಗಿಸುವ ಸಾಹಸ ಬೇಡ. ಚರ್ಮವನ್ನೇ ಸರಿಸಿ. ಕೆನ್ನೆಯ ಚರ್ಮವನ್ನು ಮೇಲಕ್ಕೆ ಎಳೆದರೆ ದವಡೆಯ ಕೆಳಗಿದ್ದ ಗಡ್ಡ ಮೂಳೆಯ ಮೇಲಿನ ಸಮತಟ್ಟಿಗೆ ಬರುತ್ತದೆ, ಅಲ್ಲೇ ತೆಗೆಯಿರಿ. ಗಂಟಲಮಣಿಯ ಮೇಲಿನದಕ್ಕೂ ಹೀಗೇ, ಚರ್ಮವನ್ನು ಪಕ್ಕಕ್ಕೆ ಸರಿಸಿ ಕತ್ತಿ ಹಾಯಿಸಿ. ಬಿಗಿ ಹಿಡಿದ ಚರ್ಮದಲ್ಲಿ ಕೂದಲು ಎದ್ದು ನಿಲ್ಲುತ್ತದೆ. ಸಡಿಲ ಚರ್ಮ ಕತ್ತಿಯ ಮುಂದೆ ಅಲೆಯಾಗಿ ಮಡಚಿಕೊಳ್ಳುತ್ತದೆ, ಆ ಅಲೆಯ ತುದಿಯೇ ಕೊಯ್ಯುವುದು. ಎಡಗೈ ಜಾರುತ್ತಿದ್ದರೆ ಬೆರಳು ಒರೆಸಿಕೊಳ್ಳಿ, ಅಥವಾ ಪಟಿಕದ ತುಂಡನ್ನು ಒಮ್ಮೆ ಮುಟ್ಟಿ ಹಿಡಿಯಿರಿ, ಬೆರಳಿಗೆ ಹಿಡಿತ ಬರುತ್ತದೆ. ಈ ಕತ್ತಿಯಲ್ಲಿ ಅರ್ಧ ಕೆಲಸ ಕತ್ತಿ ಹಿಡಿಯದ ಕೈಯದು.

ಇನ್ನು ದಿಕ್ಕು. ಕುತ್ತಿಗೆಯ ಕೂದಲು ಕೆನ್ನೆಯಂತೆ ಕೆಳಕ್ಕೇ ಬೆಳೆಯುತ್ತದೆಂದು ಭಾವಿಸಿ ಮೇಲಿನಿಂದ ಎಳೆಯುವವರು ಬಹಳ. ಎಷ್ಟೋ ಜನರಿಗೆ ಅಲ್ಲಿ ಅದು ಅಡ್ಡಕ್ಕೆ ಬೆಳೆದಿರುತ್ತದೆ, ಕೆಲವರಿಗೆ ಮೇಲ್ಮುಖವಾಗಿ, ಇನ್ನು ಕೆಲವರಿಗೆ ಸುಳಿಯಾಗಿ. ಸಲೀಸು ದಿಕ್ಕು ಎಂದುಕೊಂಡು ಮಾಡಿದ್ದು ಉಲ್ಟಾ ಆಗಿರುತ್ತದೆ, ಅದೂ ಮೊದಲ ಸುತ್ತಿನಲ್ಲೇ, ಉದ್ದ ಕೂದಲಿನ ಮೇಲೆ. ಎರಡು ದಿನ ಗಡ್ಡ ಬಿಟ್ಟು ಬೆರಳಿನಿಂದ ಎಲ್ಲ ದಿಕ್ಕಿಗೂ ಸವರಿ ನೋಡಿ. ಬೆರಳಿಗೆ ಚುಚ್ಚಿ ತಡೆಯುವುದು ಎದುರು ದಿಕ್ಕು. ಕಾಗದದಲ್ಲಿ ಮುಖದ ಗೆರೆಚಿತ್ರ ಬರೆದು ಬಾಣ ಹಾಕಿ ಕನ್ನಡಿಯ ಪಕ್ಕ ಅಂಟಿಸಿಕೊಳ್ಳುವುದು ಮಕ್ಕಳಾಟದಂತೆ ಕಂಡರೂ ಕೆಲಸಕ್ಕೆ ಬರುತ್ತದೆ. ಮೊದಲ ಸುತ್ತು ಕೂದಲಿನ ದಿಕ್ಕಿನಲ್ಲಿ, ಬೇಕಿದ್ದರೆ ಎರಡನೆಯದು ಅಡ್ಡಕ್ಕೆ. ಉಲ್ಟಾ ಸುತ್ತನ್ನು ಮೊದಲೆರಡು ಸುತ್ತು ನೋವಿಲ್ಲದೆ ಮುಗಿಯುವವರೆಗೂ ಕೈಬಿಡಿ. ನುಣುಪಿನ ಆಸೆಗೆ ಬಿದ್ದೇ ಹೆಚ್ಚಿನ ಮುಖಗಳು ಉರಿಯುವುದು.

ಗಲ್ಲದ ಕೂದಲು ಒರಟು, ಎಳೆತ ಒಂದು ಸೆಂಟಿಮೀಟರ್ ದಾಟದಿರಲಿ. ಕೆಳತುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಮಡಚಿಕೊಂಡರೆ ಗಲ್ಲ ಬಿಗಿಯಾಗುತ್ತದೆ.

ಉರಿ ಎಲ್ಲಿದೆ ಎಂದು ಪಟಿಕ ಹೇಳುತ್ತದೆ

ಮುಗಿದ ಮೇಲೆ ತಣ್ಣೀರಿನಲ್ಲಿ ಮುಖ ತೊಳೆದು, ಒದ್ದೆ ಪಟಿಕವನ್ನು ಮುಖವೆಲ್ಲ ಸವರಿ ಅರೆ ನಿಮಿಷ ಬಿಡಿ. ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಕತ್ತಿ ಚರ್ಮದ ಪದರವನ್ನು ಕೆರೆದಿದೆ. ಒಂದು ವಾರ ಹೀಗೆ ಗಮನಿಸಿದರೆ ಜಾಗಗಳು ಮತ್ತೆ ಮತ್ತೆ ಅವೇ ಎಂದು ಗೊತ್ತಾಗುತ್ತದೆ. ಬಲಗೈಯವರಿಗೆ ಎಡ ದವಡೆ ಹೆಚ್ಚು ಉರಿದರೆ ಕಾರಣ ಹೊರಚಾಚಿದ ತೋಳು: ಅಲ್ಲಿ ಮಣಿಕಟ್ಟು ತಿರುಚಿ ಕೋನ ನಿಮಿರಿರುತ್ತದೆ. ಎಡಭಾಗಕ್ಕೆ ಎಡಗೈ ಬಳಸಲು ಕಲಿಯುವುದೊಂದು ದಾರಿ. ಮೊದಮೊದಲು ಹೆದರಿಕೆ ಆಗುತ್ತದೆ, ಕೆನ್ನೆಯಿಂದ ಶುರುಮಾಡಿದರೆ ಒಗ್ಗುತ್ತದೆ.

ಮುಖದ ತುಂಬ ಸಮನಾಗಿ ಉರಿದರೆ ಒತ್ತಡ ಹೆಚ್ಚಾಗಿದೆ, ಇಲ್ಲವೇ ಅಂಚು ಮೊಂಡು. ಇವೆರಡೂ ಜೊತೆಗೇ ಬರುವುದು ಹೆಚ್ಚು, ಏಕೆಂದರೆ ಮೊಂಡು ಕತ್ತಿ ಹಿಡಿದ ಕೈ ತಿಳಿಯದೆಯೇ ಒತ್ತುತ್ತದೆ. ಉರಿ ಇಳಿಯುವವರೆಗೆ ಒಂದೆರಡು ದಿನ ಕ್ಷೌರ ಬೇಡ, ಕೆರೆದ ಚರ್ಮದ ಮೇಲೆ ಯಾವ ಪರೀಕ್ಷೆಯೂ ಸರಿಯಾದ ಉತ್ತರ ಕೊಡದು.

ಕೂದಲು ಗುಂಗುರಾಗಿದ್ದು, ಕ್ಷೌರದ ನಂತರ ಕುತ್ತಿಗೆಯಲ್ಲಿ ಗುಳ್ಳೆ ಏಳುತ್ತಿದ್ದರೆ ಅದು ಉರಿಯಲ್ಲ. ತೀರಾ ಬುಡಕ್ಕೆ ಕಡಿದ ಕೂದಲಿನ ತುದಿ ಬಾಗಿ ಚರ್ಮದೊಳಕ್ಕೇ ನುಗ್ಗಿರುತ್ತದೆ. ಅಂಥವರು ಒಂದೇ ಸುತ್ತಿಗೆ ನಿಲ್ಲಿಸಬೇಕು. ಕೀವು ತುಂಬಿದರೆ ಚರ್ಮದ ವೈದ್ಯರಿಗೆ ತೋರಿಸಿ.

ಗಾಯವನ್ನು ಓದುವುದು

ಸಾಸಿವೆಯಷ್ಟು ರಕ್ತದ ಚುಕ್ಕೆಗಳು ಸಾಲಾಗಿ ಕಂಡರೆ ಕೋನ ನಿಮಿರಿದೆ ಅಥವಾ ಕೈ ಒತ್ತಿದೆ. ಕಿವಿಯ ಹಾಲೆ, ಮೂಗಿನ ಪಕ್ಕದಲ್ಲಿ ಚಿಕ್ಕ ಆಳದ ಗಾಯವಾದರೆ ಕಣ್ಣು ಅಂಚಿನ ನಡುವೆ ಇತ್ತು, ಮೊನೆ ಎಲ್ಲಿತ್ತೆಂದು ನೋಡಲಿಲ್ಲ. ಕಲಿಯುವವರು ದುಂಡು ಮೊನೆಯ ಕತ್ತಿ ಕೊಳ್ಳುವುದು ಇದಕ್ಕೇ. ಉದ್ದನೆಯ ತೆಳು ಗೆರೆಯ ಗಾಯ ಬೇರೆ ಜಾತಿಯದು: ಕತ್ತಿ ಅಂಚಿನ ಉದ್ದಕ್ಕೆ ಪಕ್ಕಕ್ಕೆ ಜಾರಿದೆ. ಹರಿತ ಅಂಚನ್ನು ಚರ್ಮದ ಮೇಲೆ ಸುಮ್ಮನೆ ಇಟ್ಟರೆ ಕೊಯ್ಯುವುದಿಲ್ಲ, ಪಕ್ಕಕ್ಕೆ ಕೂದಲೆಳೆಯಷ್ಟು ಸರಿದರೂ ಕೊಯ್ಯುತ್ತದೆ. ಹೆಚ್ಚಾಗಿ ಇದಾಗುವುದು ಎಳೆತದ ನಡುವೆ ಅಲ್ಲ, ಕತ್ತಿ ಇಡುವಾಗ ಅಥವಾ ಎತ್ತುವಾಗ. ಹಿಡಿತ ನೋಡಿಕೊಳ್ಳಿ: ಮೂರು ಬೆರಳು ಅಲಗಿನ ಕುತ್ತಿಗೆಯ (ಅಲಗಿಗೂ ಹಿಡಿಗೂ ನಡುವಿನ ಸಪೂರ ಭಾಗ) ಮೇಲೆ, ಕಿರುಬೆರಳು ಬಾಲದ (ಹಿಡಿಯ ಕೀಲಿನಾಚೆ ಚಾಚಿದ ತುದಿ) ಮೇಲೆ, ಹೆಬ್ಬೆರಳು ಕೆಳಗೆ. ಕಿರುಬೆರಳು ಬಾಲ ಬಿಟ್ಟಾಗ ಕತ್ತಿ ಓಲಾಡುತ್ತದೆ.

ಗಾಯಕ್ಕೆ ಶುಚಿಯಾದ ಬಟ್ಟೆ ಒತ್ತಿ ಐದು ನಿಮಿಷ ಎತ್ತದೆ ಹಿಡಿಯಿರಿ, ಪದೇ ಪದೇ ಎತ್ತಿ ನೋಡಿದರೆ ನಿಲ್ಲುವ ರಕ್ತವೂ ನಿಲ್ಲುವುದಿಲ್ಲ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಕತ್ತಿ ಹಿಡಿಯಬಾರದು. ಒಬ್ಬರ ಕತ್ತಿಯನ್ನು ಇನ್ನೊಬ್ಬರು ಬಳಸಲೇಬಾರದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಸೋಂಕು ದಾಟಬಹುದು.

ದುರಸ್ತಿಗೆ ಸಿಗದ ಕತ್ತಿ

ಎಲ್ಲ ನೋಡಿದ ಮೇಲೂ ಕತ್ತಿ ಜಗ್ಗುತ್ತಲೇ ಇದ್ದರೆ, ಅಲಗನ್ನು ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ ಮೂಲೆಗಳನ್ನು ಮೆಲ್ಲಗೆ ತಟ್ಟಿ. ಓಲಾಡಿದರೆ ಅಲಗು ತಿರುಚಿದೆ. ಸ್ವಲ್ಪ ತಿರುಚಿದ್ದನ್ನು ಓರೆ ಎಳೆತದಿಂದ ಮಸೆದು ಸಂಭಾಳಿಸಬಹುದು, ಹೆಚ್ಚಿದ್ದರೆ ಪಳಗಿದವರ ಕೈಗೆ ಕೊಡಿ. ಹಳೆಯ ಕತ್ತಿಗಳಲ್ಲಿ ಅಂಚಿನಿಂದ ಬೆನ್ನಿನ ಕಡೆಗೆ ಕೂದಲೆಳೆಯಂಥ ಸೀಳು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ತುಕ್ಕು ಗುಳಿಬಿದ್ದು ಅಂಚಿನವರೆಗೂ ಬಂದಿದ್ದರೆ ಎಷ್ಟು ಮಸೆದರೂ ಹೊಸ ಅಂಚಿನಲ್ಲಿ ಗುಳಿ ಬರುತ್ತಲೇ ಇರುತ್ತದೆ. ಸೀಳು ಬಿದ್ದ ಅಲಗಂತೂ ಮುಖದ ಮೇಲೇ ಮುರಿಯಬಹುದು, ಅದನ್ನು ಮಸೆಯುವ ಪ್ರಶ್ನೆಯೇ ಇಲ್ಲ.